ಏಳು ಡಿಗ್ರಿ

ತಾಮ್ರದ ತಂತಿಯ ಸಿಂಬಿ ಸರಿಸಿ
ನನ್ನ ಅಂಗಡಿಯ ಟೇಬಲ್ಲಿನ ಮೇಲೆ
ನಕಾಶೆ ಹಾಸಿದರು ವಾಲಿ ಮೇಡಂ.
ಕಾರಂಜಾ ಡ್ಯಾಮಿನ ತಳದಲ್ಲಿ ಹೂಳೆಷ್ಟು ಕೂತಿದೆ, ಅಳೆಯಬೇಕು;
ದಂಡೆಯಿಂದ ದಂಡೆಗೆ ದೋಣಿ
ನೂಲು ಹಿಡಿದ ಹಾಗೆ ಹೋಗಬೇಕು.
ಝರೆಪ್ಪ ನಡೆಸಿದ ಗೆರೆಗಳೋ
ಹೊರಸಿನ ಮೇಲೆ ಒಣಹಾಕಿದ ಶಾವಿಗೆ.

ಎರಡಿದ್ದವು ನನ್ನ ಮುಂದೆ.
ಒಂದು ಮುಂಬೈಯದು: ಬಿಳಿ ಡಬ್ಬಿ,
ಬಿಚ್ಚಲು ಒಂದು ಸ್ಕ್ರೂ ಇಲ್ಲ, ನೀರಿಗೆ ಹೆದರುವುದಿಲ್ಲ,
ಬೆಲೆ ದೋಣಿಗಿಂತ ಜಾಸ್ತಿ.
ಇನ್ನೊಂದು ಸಿಕಂದರಾಬಾದಿನದು:
ಅಂಗೈಯಗಲದ ಹಸಿರು ಬೋರ್ಡು, ಮೈಮೇಲೆ ಬಟ್ಟೆಯಿಲ್ಲ,
ಬೆಸುಗೆಯೆಲ್ಲ ಕಣ್ಣಿಗೆ ಕಾಣುತ್ತದೆ.
ಅದು ಕೆಟ್ಟರೆ ಮುಂಬೈಗೆ ಹೋಗಬೇಕು,
ಇದು ಕೆಟ್ಟರೆ ಭಾಲ್ಕಿ ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಹತ್ತಿರ.
ಬಿಚ್ಚಲು ಬಾರದ್ದನ್ನು ಮನೆಗೆ ತರಬ್ಯಾಡ ಅನ್ನುತ್ತಿದ್ದರು ಅಬ್ಬಾ,
ರೇಡಿಯೋ ಬಗ್ಗೆ.
ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ.
ನೀರಿನ ನಡುವೆ ನಿಂತುಬಿಟ್ಟರೆ?

ಹಸಿರು ಬೋರ್ಡಿಗೆ
ಮನೆಯ ಉಪ್ಪಿನಕಾಯಿ ಡಬ್ಬಿ ಸರಿಹೋಯಿತು.
ಮೂರು ಸಲ ತೊಳೆದರೂ ಮಾವಿನಕಾಯಿಯ ಘಮ.
ಚುಕ್ಕಾಣಿ ಎಳೆಯಲು
ಗುಜರಿಗೆ ಬಿದ್ದ ಬಸ್ಸಿನ ವೈಪರ್ ಮೋಟಾರು, ಸೈಕಲ್ ಚೈನು.
ಅದರ ಜನ್ಮವೇ ನೀರಿನ ಜೊತೆ ಜಗಳವಾಡುವುದು.
ಇಂಜಿನ್ನಿನಿಂದ ಆರು ಮೊಳ ದೂರದಲ್ಲಿ
ಪ್ಲಾಸ್ಟಿಕ್ ಪೈಪಿನ ತುದಿಗೆ ದಿಕ್ಸೂಚಿ,
ಹಿತ್ತಾಳೆ ಸ್ಕ್ರೂ ಮಾತ್ರ, ಕಬ್ಬಿಣ ಬಂದ್.

ನೀರಿಗಿಳಿಸಿ ಎರಡು ಸುತ್ತು ನಿಧಾನ ತಿರುಗಿಸಿದೆವು,
ಸೂಚಿಗೆ ದಿಕ್ಕು ಕಲಿಸಲು.
‘ಪ್ರದಕ್ಷಿಣಿ ಹಾಕಿಸ್ಕೋತದೇನು ಇದು?’ ಅಂದ ಝರೆಪ್ಪ.
ಕೆಲಸ ಕಳೆದವನ ಹಾಗೆ ಪೈಪಿಗೆ ಒರಗಿ ಕೂತಿದ್ದ.

ಏಳು ಡಿಗ್ರಿ ತಪ್ಪು.
ಬ್ಯಾಟರಿಯ ತಂತಿಗಳನ್ನು ಜಡೆ ಹೆಣೆದೆ. ಏಳು.
ಭಾರಕ್ಕಿಟ್ಟಿದ್ದ ಜಂಬಿಟ್ಟಿಗೆ ಕಲ್ಲುಗಳನ್ನು ದಂಡೆಗೆ ಹೊತ್ತೆ. ಏಳು.
ಸಿಕಂದರಾಬಾದಿನವನಿಗೆ ಫೋನಿನಲ್ಲಿ ಬಾಯಿಗೆ ಬಂದದ್ದು ಅಂದೆ.
ಅಷ್ಟರಲ್ಲಿ ಝರೆಪ್ಪ ಇಳಿದು
ಜಾಲಿಗಿಡದ ಹಿಂದೆ ಮೂತ್ರಕ್ಕೆ ಹೋದ.
ಸೊನ್ನೆ.
ಬಂದ, ಕೂತ. ಏಳು.

ಬನಿಯನ್ನಿನ ಕಿಸೆಯಿಂದ ಹೊರಬಂತು
ಹಿಡಿಯಲ್ಲಿ ಗಿಳಿ ಕೊರೆದ ಅಡಕೊತ್ತು.
‘ಅವ್ವಂದು,’ ಅಂದ. ‘ಇಷ್ಟಕ್ಕ ದಾರಿ ತಪ್ತದಾ?’
ಎದ್ದು ಹೋಗಿ ದೋಣಿಯ ಮೂತಿಯ ಕಡೆ ಇಟ್ಟು ಬಂದ.

ಗೆರೆ ಹಿಡಿಯಿತೇ? ಇಲ್ಲ.
ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ,
ಒಂದೊಂದು ಅಲೆಗೂ ಕಿರ್ ಅನ್ನುತ್ತಿತ್ತು ಮೋಟಾರು,
ಸೇಂದಿ ಕುಡಿದು ಮನೆ ಹುಡುಕುವವನ ಹಾಗೆ.
ವಾಲಿ ಮೇಡಂ ನಕಾಶೆ ನೋಡಿ ಸುಮ್ಮನಾದರು.
ಸುಮ್ಮನಾಗದವನು ಝರೆಪ್ಪ:
‘ಮೈನೋದ್ದೀನ್ ಭಾಯ್, ಹೊಸ ಸೊಸಿಯಂಗ ಆಗ್ಯಾದ ಇದು.
ನೀರು ಏನರ ಅಂತಿರ್ತದ.
ಎಲ್ಲಾದಕ್ಕೂ ಜವಾಬ್ ಕೊಡಬಾರ್ದು.
ಒಂದೀಟು ತಡಿ ಅನ್ರಿ ಅದಕ್ಕ.
ದೋಣಿ ತಾನಾ ಹೊಳ್ಳಿ ಬರ್ತದ.’

ಎಷ್ಟು ತಪ್ಪಿದರೆ ತಿದ್ದಬೇಕು, ಅದಕ್ಕೊಂದು ಅಂಕಿಯಿದೆ.
ಪುಸ್ತಕ ಒಂದು ಅನ್ನುತ್ತದೆ.
ಝರೆಪ್ಪನ ಮುಖ ನೋಡುತ್ತ
ಎರಡು ಮಾಡಿದೆ, ಮೂರು, ನಾಲ್ಕು.
ನಾಲ್ಕಕ್ಕೆ ಅವನು ಕಣ್ಣು ಮುಚ್ಚಿದ.
ಮೋಟಾರು ಸುಮ್ಮನಾಯಿತು.

ಐದನೆಯ ಗೆರೆ. ಹೊತ್ತು ಇಳಿದಿತ್ತು.
ಯಾರೂ ಹಿಡಿಯದೆ ದೋಣಿ ನಡೆದಿತ್ತು.
ಆಳ ಓದುತ್ತಿದ್ದರು ಮೇಡಂ:
ಹದಿಮೂರು, ಹದಿಮೂರು, ಹನ್ನೆರಡೂವರೆ.
ಝರೆಪ್ಪನ ಎಡಗೈ ಮಾತ್ರ
ಹಿಂದೆ ಚಾಚುವುದು, ಗಾಳಿ ಹಿಡಿಯುವುದು,
ಮತ್ತೆ ತೊಡೆಯ ಮೇಲೆ ಬರುವುದು.
ಕಡೆಗೆ ಅಡಿಕೆಯ ಚಟ ಗೆದ್ದಿತು.
ಅಂಬೆಗಾಲಲ್ಲಿ ಮೂತಿಯ ಕಡೆ ಹೋದ,
ಅವನ ಭಾರಕ್ಕೆ ದೋಣಿ ಒಂದು ಕಡೆ ವಾಲಿತು.
ಕಟ್, ಅಡಿಕೆ ಒಡೆದ ಸದ್ದು.
ಅಲ್ಲಿಂದಲೇ ಕೈ ಚಾಚಿ, ಅರ್ಧ ನನಗೆ.

ಹಿಂದೆ, ಉಪ್ಪಿನಕಾಯಿ ಡಬ್ಬಿಯ ಆಚೆ,
ಚುಕ್ಕಾಣಿ ಒಂದು ಬೆರಳಿನಷ್ಟು ಅಲುಗಿ
ನಿಂತಿತು.